ಮನೆಯಲ್ಲಿ ಹುಳದ ಕಾಟ: ಸ್ಪ್ರೇ ಹಿಡಿಯುವ ಮುಂಚೆ ಗುರುತು ನೋಡಿ

ಅಡುಗೆಮನೆಯಲ್ಲಿ ಜಿರಳೆ ಕಂಡಿತು, ಸ್ಪ್ರೇ ಹೊಡೆದಿರಿ, ಅದು ಅಂಗಾತ ಬಿತ್ತು, ಸಮಾಧಾನವೂ ಆಯಿತು. ವಾರ ಕಳೆದು ನೋಡಿದರೆ ಮತ್ತೆ ಅಷ್ಟೇ ಜಿರಳೆ. ಸ್ಪ್ರೇ ಕೆಲಸ ಮಾಡಲ್ಲ ಅಂತಲ್ಲ, ಎದುರಿಗೆ ಸಿಕ್ಕಿದ್ದನ್ನು ಅದು ಕೊಲ್ಲುತ್ತದೆ. ಆದರೆ ತೊಂದರೆ ಇರುವುದು ಕಣ್ಣಿಗೆ ಬೀಳದ ಕಡೆ. ಅದು ಫ್ರಿಜ್ ಮೋಟರ್ ಪಕ್ಕ ಇರಬಹುದು, ಗೋಡೆ ಕೆಳಗಿನ ಮಣ್ಣಲ್ಲಿ ಇರಬಹುದು, ಅಕ್ಕಿ ಕಾಳಿನ ಒಳಗೇ ಇರಬಹುದು. ಯಾವ ಹುಳ, ಎಲ್ಲಿ ಬೀಡುಬಿಟ್ಟಿದೆ ಅನ್ನುವುದು ತಿಳಿಯದೆ ಔಷಧಿಗೆ ದುಡ್ಡು ಸುರಿದರೆ ದುಡ್ಡು ಹೋಗುತ್ತದೆ, ಹುಳ ಉಳಿಯುತ್ತದೆ, ಮೇಲೆ ಮನೆ ತುಂಬ ವಿಷ.

ಹುಳ ಕೈಗೆ ಸಿಗದಿದ್ದರೂ ಅದರ ಗುರುತು ಸಿಕ್ಕೇ ಸಿಗುತ್ತದೆ. ಹಿಕ್ಕೆ, ಪುಡಿ, ಮಣ್ಣಿನ ಗೆರೆ, ಉದುರಿದ ರೆಕ್ಕೆ, ಕಳಚಿದ ಪೊರೆ, ಬಟ್ಟೆ ಮೇಲಿನ ಕಲೆ. ಹಾಗಾಗಿ ಇಲ್ಲಿ ಗುರುತಿನಿಂದ ಶುರು ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಏನು ಕಾಣುತ್ತಿದೆಯೋ ಅದನ್ನು ಹುಡುಕಿಕೊಳ್ಳಿ.

ಅದಕ್ಕೂ ಮುಂಚೆ ಒಂದು ಕೆಲಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಲೈಟ್ ಆರಿಸಿ ಒಂದೆರಡು ಗಂಟೆ ಬಿಡಿ. ಆಮೇಲೆ ಲೈಟ್ ಹಾಕದೆ ಟಾರ್ಚ್ ಹಿಡಿದು ಒಳಗೆ ಹೋಗಿ. ಬೆಳಕು ಬಿದ್ದ ತಕ್ಷಣ ಹುಳ ಯಾವ ಕಡೆ ಓಡುತ್ತದೆ, ಯಾವ ಸಂದಿಗೆ ನುಗ್ಗುತ್ತದೆ ಅಂತ ನೋಡಿ. ಆ ರಾತ್ರಿ ಒಂದನ್ನೂ ಹೊಡೆಯಬೇಡಿ, ಅವು ಓಡುವ ದಿಕ್ಕೇ ನಿಮಗೆ ಬೇಕಾದ ಸುಳಿವು. ರಾತ್ರಿ ಎದ್ದು ನೋಡಲು ಆಗಲ್ಲ ಅಂದರೆ ಅಂಗಡಿಯಲ್ಲಿ ಸಿಗುವ ಅಂಟಿನ ಪ್ಯಾಡ್‌ಗಳನ್ನು ಸಿಂಕ್ ಕೆಳಗೆ, ಫ್ರಿಜ್ ಹಿಂದೆ, ಬಚ್ಚಲ ಬಾಗಿಲ ಪಕ್ಕ ಗೋಡೆಗೆ ತಾಗಿಸಿ ಇಡಿ. ಯಾವ ಪ್ಯಾಡಿಗೆ ಮರಿಗಳು ಜಾಸ್ತಿ ಅಂಟಿರುತ್ತವೋ ಅದರ ಆಸುಪಾಸಲ್ಲೇ ಗೂಡಿದೆ, ಯಾಕೆಂದರೆ ಮರಿಗಳು ಹೆಚ್ಚು ದೂರ ಹೋಗುವುದಿಲ್ಲ.

ಜಿರಳೆ: ದೊಡ್ಡದಾ, ಚಿಕ್ಕದಾ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ತುಂಬಾ ಜನ ಚಿಕ್ಕ ಜಿರಳೆ ಅಂದರೆ ದೊಡ್ಡದರ ಮರಿ ಅಂದುಕೊಳ್ಳುತ್ತಾರೆ. ಅವು ಬೇರೆ ಬೇರೆ ಜಾತಿ. ಗುರುತಿಸುವುದು ಸುಲಭ. ಮರಿಗೆ ರೆಕ್ಕೆ ಇರುವುದಿಲ್ಲ. ಅರ್ಧ ಇಂಚಿನ ಜಿರಳೆಗೆ ರೆಕ್ಕೆ ಇದ್ದರೆ ಅದು ಮರಿಯಲ್ಲ, ಬೆಳೆದದ್ದೇ. ಬಣ್ಣ ತಿಳಿ ಕಂದು, ತಲೆಯ ಹಿಂದೆ ಉದ್ದಕ್ಕೆ ಎರಡು ಕಪ್ಪು ಗೆರೆ ಇದ್ದರೆ ಅದು ಜರ್ಮನ್ ಜಿರಳೆ. ಒಂದೂವರೆ ಇಂಚು ಉದ್ದ, ಕೆಂಪು ಮಿಶ್ರಿತ ಕಂದು ಇದ್ದರೆ ಅಮೆರಿಕನ್ ಜಿರಳೆ.

ದೊಡ್ಡದು ಸಾಮಾನ್ಯವಾಗಿ ಮೋರಿ, ಚೇಂಬರ್, ಮ್ಯಾನ್‌ಹೋಲ್‌ಗಳಲ್ಲಿ ಬೆಳೆದು ಪೈಪ್ ದಾರಿಯಲ್ಲಿ ಮನೆಗೆ ಬರುತ್ತದೆ. ಅಂದರೆ ಇಲ್ಲಿ ಕೆಟ್ಟಿರುವುದು ದಾರಿ. ಬಚ್ಚಲಿನ ಜಾಲರಿ ಕಿತ್ತಿದೆಯಾ, ಸಿಂಕ್ ಪೈಪ್ ಗೋಡೆಗೆ ಸೇರುವ ಕಡೆ ಸುತ್ತ ತೂತಿದೆಯಾ ನೋಡಿ, ಇದ್ದರೆ ಸಿಮೆಂಟ್ ಹಚ್ಚಿ ಮುಚ್ಚಿ. ಬಳಸದ ಬಾತ್‌ರೂಮ್ ಇದ್ದರೆ ಅಲ್ಲಿ ಇನ್ನೊಂದು ಕಾರಣ ಇರುತ್ತದೆ. ನೆಲದ ಟ್ರ್ಯಾಪ್‌ನಲ್ಲಿ ನಿಂತಿರುವ ನೀರೇ ಮೋರಿಗೂ ಮನೆಗೂ ನಡುವಿನ ತಡೆ. ತಿಂಗಳುಗಟ್ಟಲೆ ಯಾರೂ ನೀರು ಸುರಿಯದಿದ್ದರೆ ಅದು ಒಣಗಿ ದಾರಿ ತೆರೆದುಕೊಳ್ಳುತ್ತದೆ, ವಾಸನೆಯೂ ಬರುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿದರೆ ಸಾಕು.

ಚಿಕ್ಕದರ ಕಥೆಯೇ ಬೇರೆ. ಅದು ಹೊರಗಿನಿಂದ ದಿನಾ ಬಂದು ಹೋಗುವುದಲ್ಲ, ನಿಮ್ಮ ಅಡುಗೆಮನೆಯಲ್ಲೇ ಹುಟ್ಟಿ ಅಲ್ಲೇ ಬೆಳೆಯುವುದು. ಮೊದಲ ಸಲ ಬರುವುದು ಮಾತ್ರ ಹೊರಗಿನಿಂದ, ಬಹಳ ಸಲ ರಟ್ಟಿನ ಡಬ್ಬ, ಹಳೇ ಫ್ರಿಜ್, ಬಾಡಿಗೆ ಮನೆ ಬದಲಾಯಿಸುವಾಗ ಬರುವ ಸಾಮಾನಿನ ಜೊತೆ. ಹೆಣ್ಣು ತನ್ನ ಮೊಟ್ಟೆಚೀಲವನ್ನು ಮರಿ ಆಗುವ ಹೊತ್ತಿನ ತನಕ ಹೊತ್ತುಕೊಂಡೇ ಓಡಾಡುತ್ತದೆ, ಒಂದೊಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಎರಡು ಮೂರು ತಿಂಗಳಲ್ಲಿ ಆ ಮರಿಗಳೂ ಮೊಟ್ಟೆ ಇಡುವಷ್ಟು ಬೆಳೆಯುತ್ತವೆ. ಬೆಚ್ಚಗಿನ ಜಾಗ, ಪಕ್ಕದಲ್ಲೇ ನೀರು, ಮೈ ತೂರುವಷ್ಟು ಇಕ್ಕಟ್ಟು ಸಂದಿ, ಇಷ್ಟು ಇದ್ದರೆ ಅದಕ್ಕೆ ಬೇರೇನೂ ಬೇಡ. ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆಯನ್ನು ಬೆರಳಲ್ಲಿ ಬಿಡಿಸಿ ನೋಡಿ. ಒಳಗೆ ಕಾಳುಮೆಣಸಿನ ಪುಡಿಯಂಥ ಕಪ್ಪು ಚುಕ್ಕಿ, ತೆಳ್ಳಗಿನ ಪೊರೆ, ಕಂದು ಬಣ್ಣದ ಸಣ್ಣ ಖಾಲಿ ಚೀಲ ಸಿಕ್ಕರೆ ಅಲ್ಲಿ ಸಂಸಾರವೇ ನಡೆದಿದೆ ಅಂತ ಅರ್ಥ. ಮಿಕ್ಸಿಯ ತಳ, ನೀರಿನ ಫಿಲ್ಟರ್ ಡಬ್ಬದ ಹಿಂಭಾಗ, ಗ್ಯಾಸ್ ಕಟ್ಟೆ ಕೆಳಗಿನ ಕಪಾಟಿನ ಹಿಂಜುಗಳು, ಸ್ವಿಚ್ ಬೋರ್ಡ್ ಪಕ್ಕ, ಇವನ್ನೂ ನೋಡಿ. ಮಿಕ್ಸಿ, ಫ್ರಿಜ್ ಮುಟ್ಟುವ ಮುಂಚೆ ಪ್ಲಗ್ ತೆಗೆಯಿರಿ.

ಇದಕ್ಕೆ ಮದ್ದು ಜೆಲ್. ಇಮಿಡಾಕ್ಲೋಪ್ರಿಡ್ ಅಥವಾ ಫಿಪ್ರೊನಿಲ್ ಇರುವ ಜೆಲ್ ಸಿರಿಂಜ್‌ನಲ್ಲಿ ಸಿಗುತ್ತದೆ. ಸಾಸಿವೆ ಗಾತ್ರದ ಹನಿಗಳನ್ನು ತುಂಬಾ ಕಡೆ ಇಡಿ, ಒಂದೇ ಕಡೆ ಗುಡ್ಡೆ ಹಾಕಬೇಡಿ. ಜಾಗ ಯಾವುದು ಅಂದರೆ ಟಾರ್ಚ್ ಹಿಡಿದಾಗ ಅವು ಓಡಿದ ಸಂದಿ. ಜೆಲ್ ತಿಂದ ಜಿರಳೆ ತಕ್ಷಣ ಸಾಯುವುದಿಲ್ಲ, ಗೂಡಿಗೆ ವಾಪಸ್ ಹೋಗಿ ಸಾಯುತ್ತದೆ. ಹೊರಗೆ ಬರದ ಮರಿಗಳು ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದು ಸಾಯುತ್ತವೆ. ಸ್ಪ್ರೇಗೆ ಸಿಗದ ಜಾಗಕ್ಕೆ ವಿಷ ತಲುಪುವುದು ಹೀಗೆ. ಅದಕ್ಕೇ ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬೇಡಿ, ಫಿನಾಯಿಲ್ ಹಾಕಿ ಒರೆಸಬೇಡಿ. ಆ ವಾಸನೆಗೆ ಜಿರಳೆ ಜೆಲ್ ಹತ್ತಿರವೇ ಬರುವುದಿಲ್ಲ.

ಜೆಲ್ ಇಟ್ಟರೂ ಕಡಿಮೆ ಆಗಲಿಲ್ಲವಾ? ಹನಿಗಳನ್ನು ನೋಡಿ. ತಿಂದಿದ್ದರೆ ಮತ್ತೆ ಇಡಿ, ಮೂರು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ಇಡಬೇಕು, ಮೊಟ್ಟೆಚೀಲದೊಳಗಿದ್ದವು ಆಮೇಲೆ ಹೊರಬರುತ್ತವೆ. ತಿಂದೇ ಇಲ್ಲ ಅಂದರೆ ಒಂದೋ ರಾತ್ರಿ ತೊಳೆಯದ ಪಾತ್ರೆ, ಮುಚ್ಚದ ಕಸದ ಬುಟ್ಟಿ ಅವಕ್ಕೆ ಊಟ ಹಾಕುತ್ತಿದೆ, ಇಲ್ಲವೇ ಆ ಜೆಲ್ ಅವಕ್ಕೆ ಹಿಡಿಸಿಲ್ಲ. ಜೆಲ್‌ನಲ್ಲಿರುವ ಸಿಹಿಯನ್ನೇ ಮುಟ್ಟದ ಜರ್ಮನ್ ಜಿರಳೆಗಳಿವೆ. ಆಗ ಬೇರೆ ಬಗೆಯ ಜೆಲ್‌ಗೆ ಬದಲಾಯಿಸಿ. ಅಪಾರ್ಟ್‌ಮೆಂಟ್ ಆದರೆ ಪೈಪ್ ಶಾಫ್ಟ್ ದಾಟಿ ಪಕ್ಕದ ಮನೆಯಿಂದ ಬರುತ್ತಲೇ ಇರಬಹುದು. ಆಗ ಒಂದೇ ಮನೆಯವರು ಎಷ್ಟು ಹೆಣಗಿದರೂ ಪ್ರಯೋಜನವಿಲ್ಲ, ಮೇಲಿನವರು ಕೆಳಗಿನವರು ಕೂತು ಮಾತಾಡಿ ಒಟ್ಟಿಗೆ ಮಾಡಿಸಲೇಬೇಕು.

ನೆಲದ ಮೇಲೆ ಎಳೆಯುವ ಜಿರಳೆ ಚಾಕ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅದು ಬೇಡ. ಮಕ್ಕಳ ಕೈ ನೆಲದಿಂದ ನೇರ ಬಾಯಿಗೆ ಹೋಗುತ್ತದೆ.

ಮರದ ಕೆಳಗೆ ಪುಡಿ ಅಥವಾ ಮಣ್ಣು

ಮರದಿಂದ ಏನೋ ಉದುರುತ್ತಿದೆ ಅಂದ ಕೂಡಲೇ ಗೆದ್ದಲು ಅಂತ ಹೆದರಿ ಸಾವಿರಾರು ರೂಪಾಯಿ ಕಾಂಟ್ರ್ಯಾಕ್ಟ್ ಕೊಡುವವರಿದ್ದಾರೆ. ಮೊದಲು ಉದುರಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಮೈದಾದಷ್ಟು ನುಣ್ಣಗಿದ್ದು, ಮರದಲ್ಲಿ ಗುಂಡುಸೂಜಿ ಚುಚ್ಚಿದಂಥ ದುಂಡು ತೂತುಗಳಿದ್ದರೆ ಅದು ಗೆದ್ದಲಲ್ಲ, ಮರ ಕೊರೆಯುವ ಹುಳ. ಕುಟ್ಟೆ ಹಿಡಿದಿದೆ ಅಂತಾರಲ್ಲ, ಅದು. ಬಿದಿರು, ಪ್ಲೈವುಡ್, ರಬ್ಬರ್ ಮರದ ಪೀಠೋಪಕರಣಗಳಲ್ಲಿ ಜಾಸ್ತಿ. ಗೆದ್ದಲಿಗೆ ಮಾಡಿಸುವ ಹಾಗೆ ಇದಕ್ಕೆ ನೆಲ ಕೊರೆಸಬೇಕಾಗಿಲ್ಲ. ಆ ಒಂದು ವಸ್ತುವನ್ನು ಬೇರೆ ಇಟ್ಟು, ತೂತುಗಳಿಗೆ ಮರದ ಔಷಧಿಯನ್ನು ಸಿರಿಂಜ್‌ನಲ್ಲಿ ಬಿಟ್ಟು, ಮೇಣ ತುಂಬಿ, ಪಾಲಿಶ್ ಮಾಡಿಸಿ. ಒಂದು ತಿಂಗಳ ನಂತರವೂ ಹೊಸ ಪುಡಿ ಬೀಳುತ್ತಿದ್ದರೆ ಮತ್ತೆ ಬಿಡಿ.

ಪುಡಿ ನುಣ್ಣಗಿಲ್ಲ, ಒಂದೇ ಅಳತೆಯ ಪುಟ್ಟ ಕಾಳುಗಳ ಹಾಗೆ ಕೈಗೆ ಉರುಟಾಗಿ ಸಿಗುತ್ತದೆ ಅಂದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಇದಕ್ಕೆ ಮಣ್ಣಿನ ಸಂಪರ್ಕವೇ ಬೇಡ, ಮರದೊಳಗೇ ಇರುತ್ತದೆ. ಮರಕ್ಕೇ ಔಷಧಿ ಆಗಬೇಕು.

ಇನ್ನು ಗೋಡೆ ಮೇಲೆ, ಬಾಗಿಲಿನ ಚೌಕಟ್ಟಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಏರಿದ್ದರೆ ಅದೇ ನಾವೆಲ್ಲ ಬಲ್ಲ ನೆಲದ ಗೆದ್ದಲು. ಆ ಗೆರೆ ಒಳಗೆ ಟೊಳ್ಳು, ಗೆದ್ದಲು ಓಡಾಡುವ ಕೊಳವೆ. ಗೆದ್ದಲಿನ ಮೈ ಬಹಳ ಬೇಗ ಒಣಗುತ್ತದೆ, ಆದ್ದರಿಂದ ಮಣ್ಣಿನ ತೇವವನ್ನು ಜೊತೆಗೇ ಇಟ್ಟುಕೊಂಡು ಮೇಲೆ ಬರುತ್ತದೆ. ಅದರಲ್ಲಿ ಈಗಲೂ ಓಡಾಟ ಇದೆಯಾ ಅಂತ ತಿಳಿಯಲು ಗೆರೆಯ ನಡುವೆ ಒಂದು ಇಂಚು ಮಾತ್ರ ಕೆರೆದು ಬಿಡಿ. ಒಂದೆರಡು ದಿನದಲ್ಲಿ ಆ ಜಾಗಕ್ಕೆ ಹಸಿ ಮಣ್ಣು ಮೆತ್ತಿದ್ದರೆ ಜೀವಂತ ಇದೆ. ಹಾಗೇ ಒಣಗಿ ನಿಂತಿದ್ದರೆ ಹಳೇ ಗೆರೆ ಇರಬಹುದು, ಆದರೂ ಪಕ್ಕದ ಗೋಡೆ ನೋಡಿ, ದಾರಿ ಬದಲಾಯಿಸಿರಬಹುದು. ಚೌಕಟ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬರುತ್ತಿದ್ದದ್ದು ಡಬಡಬ ಅನ್ನತೊಡಗಿದ ಕಡೆ ಪೇಂಟಿನ ಪದರ ಮಾತ್ರ ಉಳಿದಿರುತ್ತದೆ, ಉಗುರು ಒತ್ತಿದರೆ ಒಳಗೆ ಹೋಗುತ್ತದೆ.

ಗೆರೆ ಕಂಡ ತಕ್ಷಣ ಪೂರ್ತಿ ಒರೆಸಿ ಸೀಮೆಎಣ್ಣೆ ಸುರಿಯುವುದು ನಮ್ಮಲ್ಲಿ ರೂಢಿ. ಅದರಿಂದ ಸಾಯುವುದು ಆ ಹೊತ್ತಿಗೆ ಅಲ್ಲಿದ್ದ ಕೆಲಸಗಾರ ಗೆದ್ದಲುಗಳು ಮಾತ್ರ. ರಾಣಿ ಮಣ್ಣಿನೊಳಗೆ ಇರುತ್ತದೆ, ಮೊಟ್ಟೆ ಇಡುತ್ತಲೇ ಇರುತ್ತದೆ. ಜೊತೆಗೆ ಕೆಲಸದವರು ಬಂದಾಗ ಎಲ್ಲಿಂದ ಏರಿತ್ತು ಅಂತ ತೋರಿಸಲು ಗುರುತೇ ಉಳಿದಿರುವುದಿಲ್ಲ. ಕಟ್ಟಿದ ಮನೆಗೆ ಸರಿಯಾದ ಕ್ರಮ ಅಂದರೆ ಗೋಡೆಯೂ ನೆಲವೂ ಸೇರುವ ಕಡೆ ಸುಮಾರು ಅಡಿಗೊಂದರಂತೆ ತೂತು ಕೊರೆದು ಕೆಳಗಿನ ಮಣ್ಣಿಗೆ ಔಷಧಿ ಇಳಿಸಿ ಮುಚ್ಚುವುದು. ಇದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 6313, ಅದರ ಮೂರನೇ ಭಾಗ ಕಟ್ಟಿ ಮುಗಿದ ಮನೆಗಳಿಗೆ. ಕಾಂಟ್ರ್ಯಾಕ್ಟ್ ಕೊಡುವಾಗ ಆ ಪ್ರಕಾರ ಮಾಡುತ್ತೀರಾ ಅಂತ ಕೇಳಿ. ಗೋಡೆ ಮೇಲೆ ಸುಮ್ನೆ ಸ್ಪ್ರೇ ಹೊಡೆದು ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಔಷಧಿ ಜೊತೆಗೆ ತೇವಕ್ಕೂ ದಾರಿ ಹುಡುಕಿ. ಸೋರುವ ನಲ್ಲಿ, ಗೋಡೆಗೆ ತಾಗಿಸಿದ ಗಿಡದ ಮಣ್ಣು, ಹಿತ್ತಲಲ್ಲಿ ಪೇರಿಸಿದ ಸೌದೆ, ಇವೆಲ್ಲ ಗೆದ್ದಲಿಗೆ ಅನುಕೂಲ.

ಮೊದಲ ಮಳೆ ಬಿದ್ದ ಸಂಜೆ ಲೈಟಿಗೆ ಮುತ್ತುವ ಈಸಲು ಹುಳವೂ ಗೆದ್ದಲೇ, ರೆಕ್ಕೆ ಬಂದದ್ದು. ಹೊರಗಿನಿಂದ ಬಂದಿದ್ದರೆ ಲೈಟ್ ಆರಿಸಿ ಬೆಳಿಗ್ಗೆ ಗುಡಿಸಿದರೆ ಆಯಿತು. ಕಿಟಕಿ ಮುಚ್ಚಿದ್ದರೂ ಕೋಣೆಯೊಳಗೆ, ಚೌಕಟ್ಟಿನ ಬಿರುಕಿನಿಂದಲೇ ಹೊರಡುತ್ತಿದ್ದರೆ ಮಾತ್ರ ಗೂಡು ಮನೆಯಲ್ಲೇ ಇದೆ ಅಂತ ಲೆಕ್ಕ. ರೆಕ್ಕೆ ಬಂದ ಇರುವೆ ಜೊತೆ ಗೊಂದಲ ಆದರೆ ಸೊಂಟ ನೋಡಿ. ಇರುವೆಗೆ ಸಣ್ಣ ಸೊಂಟ, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ. ಗೆದ್ದಲಿಗೆ ಸೊಂಟವೇ ಇಲ್ಲ, ನಾಲ್ಕೂ ರೆಕ್ಕೆ ಒಂದೇ ಉದ್ದ.

ಮೈ ಮೇಲೆ ಗಂಧೆ, ತುರಿಕೆ

ಯಾವ ಹೊತ್ತಲ್ಲಿ, ಮೈಯ ಯಾವ ಭಾಗದಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಹಗಲು ಕಚ್ಚಿಸಿಕೊಂಡಿದ್ದೀರಿ ಅಂದರೆ ಬಹುಪಾಲು ಈಡಿಸ್ ಸೊಳ್ಳೆ, ಕಾಲಿನ ಮೇಲೆ ಬಿಳಿ ಪಟ್ಟೆ ಇರುವುದು, ಡೆಂಗಿ ಹರಡುವುದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು, ನೆನಪಿದೆ ಅಲ್ವಾ? ಇದು ಮೋರಿ ನೀರಿನಲ್ಲಿ ಹುಡುಕುವಂಥದ್ದಲ್ಲ, ಮನೆಯೊಳಗಿನ ತಿಳಿ ನೀರಿನಲ್ಲಿ ಬೆಳೆಯುತ್ತದೆ. ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಮುಚ್ಚಳ ಸರಿಯಿಲ್ಲದ ಸಂಪು, ಮಾಳಿಗೆ ಮೇಲಿನ ಹಳೇ ಟೈರು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆಯ ಬದಿಯನ್ನು ಉಜ್ಜಿ ತೊಳೆಯಿರಿ, ಮೊಟ್ಟೆ ಅಂಟಿರುವುದು ಬದಿಯಲ್ಲಿ.

ಮೊಣಕಾಲಿನ ಕೆಳಗೆ ಮಾತ್ರ ಕಚ್ಚಿದ್ದರೆ, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಚಿಗಟ. ಬಿಳಿ ಕಾಲುಚೀಲ ಹಾಕಿಕೊಂಡು ಕೋಣೆಯಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿ, ಕಪ್ಪು ಚುಕ್ಕಿಗಳು ಹಾರಿ ಹತ್ತುತ್ತವೆ. ಪ್ರಾಣಿಗೂ ನೆಲಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಮಳೆಗಾಲದಲ್ಲಿ ಕುತ್ತಿಗೆ, ಮುಖದ ಮೇಲೆ ಬೆಳಿಗ್ಗೆ ಎದ್ದಾಗ ಸುಟ್ಟ ಗೆರೆಯಂತೆ ಗುಳ್ಳೆ ಎದ್ದಿದ್ದರೆ ಅದು ಕಡಿತವೇ ಅಲ್ಲ. ಕೆಂಪು ಕಪ್ಪು ಬಣ್ಣದ ಪುಟ್ಟ ಪೀಡರಸ್ ದುಂಬಿಯನ್ನು ನಿದ್ದೆಯಲ್ಲಿ ಉಜ್ಜಿದಾಗ ಅದರ ರಸ ಸುಟ್ಟದ್ದು. ಆಸಿಡ್ ಹುಳ ಅಂತಲೂ ಕರೆಯುತ್ತಾರೆ. ಮೈ ಮೇಲೆ ಕಂಡರೆ ಹೊಸಕದೆ ಊದಿ ಬಿಡಿ, ಆ ಜಾಗವನ್ನು ಸೋಪು ಹಾಕಿ ತೊಳೆಯಿರಿ.

ರಾತ್ರಿ ಮಲಗಿದಾಗ ತೋಳು, ಬೆನ್ನ ಮೇಲೆ ಸಾಲಾಗಿ ಎದ್ದಿದ್ದರೆ ತಿಗಣೆ ಹುಡುಕಿ. ಹಾಸಿಗೆಯ ಹೊಲಿಗೆ ಅಂಚಿನಲ್ಲಿ, ಮಂಚದ ಕೀಲುಗಳಲ್ಲಿ, ತಲೆದಿಂಬಿನ ಕಡೆ ಹಲಗೆಯ ಸ್ಕ್ರೂ ತೂತಿನಲ್ಲಿ ಶಾಯಿ ಚುಕ್ಕಿಯಂಥ ಕಲೆ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕೆಂಪು ಕಂದಾಗಿ ಹರಡಿದರೆ ಅನುಮಾನವೇ ಬೇಡ. ಪಿಜಿ, ಹಾಸ್ಟೆಲ್, ಸೆಕೆಂಡ್ ಹ್ಯಾಂಡ್ ಸೋಫಾ, ಪ್ರಯಾಣದ ಬ್ಯಾಗು, ಬರುವ ದಾರಿಗಳು ಇವು. ಕೊಳಕು ಮನೆಗೇ ಬರುತ್ತದೆ ಅನ್ನುವುದು ಸುಳ್ಳು, ನಾಚಿಕೊಂಡು ಮುಚ್ಚಿಡಬೇಡಿ. ಬೇರೆ ಕೋಣೆಗೆ ಹೋಗಿ ಮಲಗಲೂ ಬೇಡಿ, ಹಿಂದೆಯೇ ಬರುತ್ತವೆ. ಕೋಣೆಗೆ ಬೀಗ ಹಾಕಿ ಉಪವಾಸ ಕೆಡವುತ್ತೇವೆ ಅಂದರೂ ಆಗುವುದಿಲ್ಲ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು.

ತಿಗಣೆಗೆ ಶತ್ರು ಬಿಸಿ. ಹೊದಿಕೆ, ದಿಂಬಿನ ಚೀಲ, ಬಟ್ಟೆಯನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಮರದ ಮಂಚದ ಕೀಲು ಬಿಚ್ಚಿ ಹೊರಗಿಟ್ಟು ಕುದಿಯುವ ನೀರು ಸುರಿಯುವುದು ನಮ್ಮ ಹಿರಿಯರು ಮಾಡುತ್ತಿದ್ದ ಕೆಲಸ, ನೀರು ತಾಗಿದ ಕಡೆ ಮೊಟ್ಟೆಯೂ ಸಾಯುತ್ತದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಮಾತ್ರ ಸಾಲದು, ಅವು ನೆರಳಿನ ಬದಿಗೆ ಸರಿದುಕೊಳ್ಳುತ್ತವೆ. ಮಾಮೂಲಿ ಸ್ಪ್ರೇಗಳಿಗೆ ತಿಗಣೆ ಬಹಳ ಕಡೆ ಒಗ್ಗಿಹೋಗಿದೆ. ಕಂಪನಿಯವರನ್ನು ಕರೆಸಿದರೆ ಎರಡು ವಾರದ ನಂತರ ಎರಡನೇ ಸುತ್ತು ಕಡ್ಡಾಯ ಅಂತ ಮೊದಲೇ ಮಾತಾಡಿ, ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಗೋದಾಮಿನ ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತಿಗಣೆಗೂ ಅಲ್ಲ, ಅಡುಗೆಮನೆ ಅಕ್ಕಿಗೂ ಅಲ್ಲ, ವಾಸದ ಮನೆಯೊಳಗೆ ಯಾವ ಕಾರಣಕ್ಕೂ ಇಡಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಬಾಗಿಲ ಸಂದಿ, ಗೋಡೆ ಬಿರುಕು ದಾಟಿ ಪಕ್ಕದ ಕೋಣೆಗೆ ಹೋಗುತ್ತದೆ. ಅದಕ್ಕೆ ಪ್ರತಿಮದ್ದೇ ಇಲ್ಲ. ಮಲಗಿದವರು ಏಳದೇ ಹೋದ ಸುದ್ದಿ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬರುತ್ತಿದೆ.

ಅಕ್ಕಿ, ಬೇಳೆ, ಹಿಟ್ಟಿನಲ್ಲಿ ಹುಳ

ಅಕ್ಕಿಯಲ್ಲಿ ಸೊಂಡಿಲಿನಂಥ ಮೂತಿ ಇರುವ ಕಪ್ಪು ಹುಳ ಇದ್ದರೆ ಅದು ಕಾಳು ಕೊರೆದು ಒಳಗೆ ಮೊಟ್ಟೆ ಇಟ್ಟು ಮುಚ್ಚುವ ಜಾತಿ. ಮರಿ ಕಾಳಿನೊಳಗೇ ತಿಂದು ಬೆಳೆದು ಸುಮಾರು ತಿಂಗಳಿಗೆ ಹೊರಬರುತ್ತದೆ. ಜರಡಿ ಹಿಡಿದು ಆರಿಸಿದ ಅಕ್ಕಿಯಲ್ಲಿ ಮುಂದಿನ ತಿಂಗಳು ಮತ್ತೆ ಹುಳ ಕಾಣುವುದು ಇದರಿಂದಲೇ, ಡಬ್ಬದ ತಪ್ಪಲ್ಲ. ಸ್ವಲ್ಪ ಅಕ್ಕಿಯಾದರೆ ಗಾಳಿಯಾಡದ ಚೀಲದಲ್ಲಿ ಹಾಕಿ ನಾಲ್ಕೈದು ದಿನ ಫ್ರೀಜರ್‌ನಲ್ಲಿಡಿ, ಒಳಗಿನದೂ ಸಾಯುತ್ತದೆ. ಮೂಟೆಗಟ್ಟಲೆ ಬಿಸಿಲಿಗೆ ಹರಡಿದರೆ ದೊಡ್ಡವು ಓಡಿಹೋಗುತ್ತವೆ, ಒಳಗಿನದು ಉಳಿಯಬಹುದು, ಅಕ್ಕಿ ಬಿರಿದು ನುಚ್ಚಾಗುವುದು ಬೇರೆ. ರಾಗಿ ಕಾಳಿಗೆ ಈ ಕಾಟ ಇಲ್ಲ, ಅಷ್ಟು ಸಣ್ಣ ಕಾಳಿನೊಳಗೆ ಆ ಮರಿಗೆ ಬೆಳೆಯಲು ಜಾಗವೇ ಸಾಲದು. ಹಳೇ ಮೈಸೂರು ಕಡೆ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದರಲ್ಲ. ಬೀಸಿದ ರಾಗಿಹಿಟ್ಟಿಗೆ ಮಾತ್ರ ಹುಳ ಬರುತ್ತದೆ.

ಹೆಸರುಕಾಳು, ಅಲಸಂದೆ, ಕಡಲೆಯ ಮೇಲೆ ಬಿಳಿ ಚುಕ್ಕಿ ಅಂಟಿದ್ದು, ಜೊತೆಗೆ ದುಂಡು ತೂತುಗಳಿದ್ದರೆ ಅದು ಕಾಳಿನ ದುಂಬಿ. ಬಹಳ ಸಲ ಹೊಲದಿಂದಲೇ ಬಂದಿರುತ್ತದೆ. ಕಾಳಿಗೆ ಹರಳೆಣ್ಣೆ ಸವರಿ ಇಡುವ ಪದ್ಧತಿ ಇದಕ್ಕೆ ನಿಜಕ್ಕೂ ಹೊಂದುತ್ತದೆ, ಎಣ್ಣೆ ಮೆತ್ತಿದ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಆದರೆ ಹುಳ ಬಿದ್ದ ಮೇಲೆ ಹಚ್ಚಿದರೆ ಉಪಯೋಗ ಕಡಿಮೆ, ತಂದ ದಿನವೇ ಹಚ್ಚಬೇಕು. ಮೈದಾ, ರವೆಯಲ್ಲಿ ಕೆಂಪು ಕಂದು ಹುಳ ಹರಿದಾಡಿ ಹಿಟ್ಟಿಗೆ ಘಾಟು ವಾಸನೆ ಬಂದಿದ್ದರೆ ಜರಡಿ ಹಿಡಿಯದೆ ಎಸೆಯಿರಿ. ಎಸೆದ ಮೇಲೆ ಕಪಾಟಿನ ಮೂಲೆಯಲ್ಲಿ ಕೂತಿರುವ ಹಿಟ್ಟಿನ ಪುಡಿಯನ್ನು ಬ್ರಷ್‌ನಿಂದ ತೆಗೆಯದಿದ್ದರೆ ಹೊಸ ಪ್ಯಾಕೆಟ್‌ಗೂ ಅದೇ ಗತಿ.

ಉಳಿದ ಸಣ್ಣಪುಟ್ಟವು

ಇರುವೆ ಸಾಲನ್ನು ಒರೆಸುವ ಮುಂಚೆ ಹಿಂಬಾಲಿಸಿ, ಯಾವ ಬಿರುಕಿನಿಂದ ಹೊರಡುತ್ತದೆ ನೋಡಿ. ಸಕ್ಕರೆ ನೀರಿಗೆ ಚಿಟಿಕೆ ಬೋರಿಕ್ ಪುಡಿ ಬೆರೆಸಿ ಹತ್ತಿಯಲ್ಲಿ ನೆನೆಸಿ ಆ ಬಿರುಕಿನ ಬಾಯಲ್ಲಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಪುಡಿ ಜಾಸ್ತಿಯಾದರೆ ಕೆಲಸದ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡು ತಲುಪುವುದಿಲ್ಲ. ಕೆಲವು ಸಣ್ಣ ಇರುವೆ ಜಾತಿಗಳ ಮೇಲೆ ಸ್ಪ್ರೇ ಹೊಡೆದರೆ ಒಂದು ಗೂಡು ಒಡೆದು ನಾಲ್ಕಾಗುತ್ತದೆ.

ಬಚ್ಚಲ ಗೋಡೆಯಲ್ಲಿ ಕೂರುವ ಬೂದು ಬಣ್ಣದ, ರೋಮ ತುಂಬಿದ ಪುಟ್ಟ ನೊಣ ಪೈಪಿನೊಳಗಿನ ಲೋಳೆಯಲ್ಲಿ ಬೆಳೆಯುತ್ತದೆ. ರಾತ್ರಿ ಜಾಲರಿ ಮೇಲೆ ಅಂಟುಟೇಪನ್ನು ಅಂಟಿನ ಬದಿ ಕೆಳಗಾಗಿ ಅಂಟಿಸಿ, ಬೆಳಿಗ್ಗೆ ನೊಣ ಅಂಟಿದ್ದರೆ ಮೂಲ ಅಲ್ಲೇ. ಬಿಸಿನೀರು ಸುರಿದರೆ ಸಾಲದು, ಉದ್ದ ಬ್ರಷ್ ಹಾಕಿ ಲೋಳೆಯನ್ನು ಕೆರೆದು ತೆಗೆಯಬೇಕು.

ಬೆಂಗಳೂರಿನ ಮನೆಗಳ ಗೋಡೆ ಮೇಲೆ ಸಿಮೆಂಟ್ ಬಣ್ಣದ ಚಪ್ಪಟೆ ಚೀಲವೊಂದು ನೇತಾಡುತ್ತಾ ನಿಧಾನಕ್ಕೆ ಜರುಗುವುದನ್ನು ನೋಡಿರುತ್ತೀರಿ. ಅದು ಒಂದು ಬಗೆಯ ಪತಂಗದ ಮರಿ, ಜೇಡರ ಬಲೆ, ಕೂದಲು, ಉಣ್ಣೆ ತಿನ್ನುತ್ತದೆ. ಔಷಧಿ ಬೇಕಿಲ್ಲ. ಬಲೆ ತೆಗೆದು ಮಂಚದಡಿ ಗುಡಿಸಿ, ಚೀಲಗಳನ್ನು ಕೈಯಲ್ಲಿ ಆರಿಸಿ. ಪುಸ್ತಕದ ಬೆಳ್ಳಿ ಹುಳಕ್ಕೂ ಮದ್ದು ಗಾಳಿ, ಬೆಳಕು, ಒಣ ಕಪಾಟು.

ಹೊರಗಿನವರನ್ನು ಕರೆಸುವುದಾದರೆ

ಔಷಧಿಯ ಹೆಸರು ಕೇಳಿ, ಡಬ್ಬ ತೋರಿಸಲು ಹೇಳಿ. ಲೇಬಲ್ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ತ್ರಿಕೋನದ್ದನ್ನು ಮನೆಯೊಳಗೆ ಬಿಡಬೇಡಿ. ಲೇಬಲ್ ಇಲ್ಲದ ಬಾಟಲಿಯಿಂದ ಬೆರೆಸುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಎಷ್ಟು ಗಂಟೆ ಹೊರಗಿರಬೇಕು ಅಂತ ಬರೆಸಿಕೊಳ್ಳಿ, ವಾಪಸ್ ಬಂದ ಮೇಲೆ ಕಿಟಕಿಗಳನ್ನೆಲ್ಲ ತೆಗೆದು ಗಾಳಿ ಆಡಿದ ನಂತರವೇ ಮಕ್ಕಳನ್ನು, ವಯಸ್ಸಾದವರನ್ನು ಒಳಗೆ ಕರೆಯಿರಿ. ಪಾತ್ರೆ, ಕುಡಿಯುವ ನೀರು, ಮೀನಿನ ತೊಟ್ಟಿ ಮೊದಲೇ ಮುಚ್ಚಿ. ಆಮೇಲೆ ಯಾರಿಗಾದರೂ ತಲೆಸುತ್ತು, ವಾಂತಿ, ಉಸಿರಿಗೆ ಕಷ್ಟ ಶುರುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಹೊರಗೆ ಗಾಳಿಗೆ ಕರೆತಂದು ನೇರ ಆಸ್ಪತ್ರೆಗೆ ಹೋಗಿ, ಔಷಧಿ ಡಬ್ಬವನ್ನೋ ಅದರ ಲೇಬಲ್ ಫೋಟೋವನ್ನೋ ಜೊತೆಗೆ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಶುರು ಮಾಡಲು ತಡವಾಗುವುದಿಲ್ಲ.